ಗಾಜಿನ ತೊಟ್ಟಿ ಮತ್ತು ಗೃಹಸ್ಥನ ಅಹಿಂಸೆ

ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನಿಟ್ಟು ಅದರಲ್ಲಿ ಬಣ್ಣಬಣ್ಣದ ಮೀನುಗಳನ್ನು ಸಾಕುವ ಹವ್ಯಾಸವು ಒಂದು ಕಾಲಕ್ಕೆ ಮಹಾನಗರಗಳ ಸಿರಿವಂತರದಾಗಿತ್ತು. ಈಗ ಅದು ತಾಲ್ಲೂಕು ಕೇಂದ್ರಗಳನ್ನು ದಾಟಿ ಹಳ್ಳಿಗಳ ಮನೆಗಳನ್ನೂ ಹೊಕ್ಕಿದೆ. ಜೀವದಯೆಯನ್ನು ಕುಲಧರ್ಮವೆಂದು ಭಾವಿಸಿದ ಮನೆಗಳಲ್ಲಿಯೂ ಮಕ್ಕಳ ಹಟಕ್ಕೆ ಮಣಿದು ತೊಟ್ಟಿಯನ್ನು ತರುವುದುಂಟು. ಮೀನನ್ನು ತಿನ್ನುವುದಿಲ್ಲ, ಕೊಲ್ಲುವುದಿಲ್ಲ, ಆಹಾರವಿಟ್ಟು ಸಾಕುತ್ತೇವೆ. ಇದರಲ್ಲಿ ದೋಷವೇನು ಎಂಬುದು ಅವರ ಸಮಾಧಾನ. ಈ ಸಮಾಧಾನವು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದು ತೊಟ್ಟಿಗೆ ನೀರು ತುಂಬಿದ ಮೊದಲ ತಿಂಗಳಲ್ಲಿಯೇ ಪರೀಕ್ಷೆಗೆ ಬರುತ್ತದೆ.

ದೃಷ್ಟಾಂತಕ್ಕಾಗಿ ಭೀಮಾ ತೀರದ ದೇವಣಗಾಂವದಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಮಗನ ಆಸೆಗೆ ತಂದೆ ವಿಜಯಪುರದಿಂದ 100 ಲೀಟರು ಹಿಡಿಯುವ ತೊಟ್ಟಿಯನ್ನು ತಂದಿದ್ದಾನೆ. ಅಂಗಡಿಯವನು ಫಿಲ್ಟರು, ದೀಪ, ಹರಳುಗಳನ್ನೆಲ್ಲ ಕಟ್ಟಿಕೊಟ್ಟು ಕೊನೆಗೆ ಒಂದು ಮಾತು ಹೇಳಿದ್ದಾನೆ: "ಮೊದಲ ಎರಡ ಮೂರ ಸಣ್ಣ ಮೀನ ಬಿಡ್ರಿ ಅಣ್ಣಾರ, ಅಗ್ಗದಾಗ ಸಿಗತಾವ. ಸತ್ರ ಸಾಯ್ಲಿ. ಒಂದ ತಿಂಗಳ ಆದ ಮ್ಯಾಲ ಛಲೋ ಮೀನ ಒಯ್ರಿ." ಈ ಮಾತಿನಲ್ಲಿ ದ್ವೇಷವಿಲ್ಲ, ಕ್ರೌರ್ಯದ ಉದ್ದೇಶವೂ ಇಲ್ಲ. ವ್ಯಾಪಾರದಲ್ಲಿ ರೂಢಿಯಾಗಿ ಬಂದ ಸಲಹೆ ಅದು. ಆದರೆ ಕೇಳಿದವನು ಅಣುವ್ರತಿಯಾಗಿದ್ದರೆ ಅವನ ಕಾಲು ಅಂಗಡಿಯ ಹೊಸ್ತಿಲಲ್ಲಿ ಒಂದು ಕ್ಷಣ ನಿಲ್ಲಲೇಬೇಕು. ಆ ಎರಡು ಮೂರು ಮೀನುಗಳು ಏತಕ್ಕಾಗಿ ಸಾಯಬೇಕು?

ಇದಕ್ಕೆ ಉತ್ತರ ರಸಾಯನಶಾಸ್ತ್ರದಲ್ಲಿದೆ. ಮೀನು ತನ್ನ ದೇಹದ ತ್ಯಾಜ್ಯವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯದ ರೂಪದಲ್ಲಿ ಹೊರಹಾಕುತ್ತದೆ. ಭೀಮೆಯಂಥ ಹೊಳೆಯಲ್ಲಿ ಅದು ಹರಡಿಹೋಗುತ್ತದೆ. ಜೊತೆಗೆ ಹೊಳೆಯ ಕಲ್ಲು, ಕೆಸರು, ಜೊಂಡುಗಳ ಮೇಲೆ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಮೊದಲಿನವೆರಡೂ ಮೀನಿಗೆ ವಿಷ. ಮೂರನೆಯದು ಮಿತಿಯಲ್ಲಿದ್ದರೆ ಸಹ್ಯ. ಅಮೋನಿಯವು ಕಿವಿರುಗಳನ್ನು ಸುಡುತ್ತದೆ. ನೈಟ್ರೈಟ್ ರಕ್ತವನ್ನು ಕಂದು ಬಣ್ಣಕ್ಕೆ ತಿರುಗಿಸಿ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕಸಿದುಕೊಳ್ಳುತ್ತದೆ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳ ನೆಲೆ ಇನ್ನೂ ಆಗಿರುವುದಿಲ್ಲ. ಅವು ಬೆಳೆಯಲು ಅಮೋನಿಯ ಬೇಕು. ಅಗ್ಗದ ಮೀನು ಆ ಅಮೋನಿಯವನ್ನು ಒದಗಿಸುತ್ತದೆ, ತಾನೇ ಒದಗಿಸಿದ ವಿಷದಲ್ಲಿ ಒಂದು ತಿಂಗಳು ಈಜುತ್ತದೆ. ಬದುಕಿದರೆ ಅದರ ಅದೃಷ್ಟ.

ಎರೆಮಣ್ಣಿನ ನಾಡಿನಲ್ಲಿ ಈ ವಿಷ ಇನ್ನಷ್ಟು ತೀಕ್ಷ್ಣ. ವಿಜಯಪುರ ಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು, ಕ್ಷಾರೀಯ. ನೀರಿನಲ್ಲಿರುವ ಒಟ್ಟು ಅಮೋನಿಯದಲ್ಲಿ ನಿಜವಾಗಿ ಕೊಲ್ಲುವ ಅಂಶವು, ನೀರು 25 ಡಿಗ್ರಿಯಲ್ಲಿದ್ದಾಗ, ಪಿಎಚ್ 7ರಲ್ಲಿ ನೂರಕ್ಕೆ ಅರ್ಧದಷ್ಟು ಮಾತ್ರ. ಪಿಎಚ್ 8ರಲ್ಲಿ ಅದು ನೂರಕ್ಕೆ ಐದನ್ನು ಮೀರುತ್ತದೆ. ಮಲೆನಾಡಿನ ಮೃದುನೀರಿನಲ್ಲಿ ಬದುಕಿ ಉಳಿಯಬಹುದಾದ ಮೀನು ಇಲ್ಲಿ ಅಷ್ಟೇ ಅಮೋನಿಯಕ್ಕೆ ಸಾಯಬಹುದು.

ಗೃಹಸ್ಥನ ಹಿಂಸೆಯನ್ನು ಪೂರ್ವಾಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಸರ್ವಥಾ ತ್ಯಜಿಸಬೇಕೆಂದು ವಿಧಿಸಿದ್ದಾರೆ. ಒಲೆ ಹೊತ್ತಿಸುವಾಗ, ನೆಲ ಉಳುವಾಗ ಆಗುವ ಹಿಂಸೆ ಬದುಕಿನ ಅನಿವಾರ್ಯ. ಸಾಯಬಹುದೆಂದು ತಿಳಿದೇ ಬಿಡುವ ಅಗ್ಗದ ಮೀನು ಯಾವ ವರ್ಗಕ್ಕೆ ಸೇರುತ್ತದೆ? ಮೀನನ್ನು ಕೊಲ್ಲಬೇಕೆಂಬ ಇಚ್ಛೆ ಇಲ್ಲಿಲ್ಲ, ನಿಜ. ಆದರೆ ಅದರ ಸಂಕಟವನ್ನು ಸಾಧನವಾಗಿ ಬಳಸುವ ಯೋಜನೆ ಇದೆ. ಯೋಜನೆಯಿರುವಲ್ಲಿ ಸಂಕಲ್ಪದ ನೆರಳು ಇದ್ದೇ ಇರುತ್ತದೆ. ಆರಂಭೀ ಹಿಂಸೆಯೆಂದು ಇದಕ್ಕೆ ಹೆಸರಿಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಬೇರೆ ಮಾರ್ಗವೇ ಇಲ್ಲದಿದ್ದಾಗ ಮಾತ್ರ ಆ ಹೆಸರು ಒಪ್ಪುತ್ತದೆ.

ಬೇರೆ ಮಾರ್ಗವಿದೆ. 1990ರ ದಶಕದ ಉತ್ತರಾರ್ಧದಿಂದ ಹವ್ಯಾಸಿಗಳಲ್ಲಿ ಹಬ್ಬಿದ ಈ ಕ್ರಮಕ್ಕೆ ಫಿಶ್‌ಲೆಸ್ ಸೈಕಲ್ ಎಂದು ಹೆಸರು. ಮೀನನ್ನು ಬಿಡದೆ ಅಮೋನಿಯವನ್ನು ಮಾತ್ರ ಅಳತೆಯಿಂದ ನೀರಿಗೆ ಹಾಕಿ ಸೂಕ್ಷ್ಮಜೀವಿಗಳನ್ನು ಬೆಳೆಸುವುದು ಇದರ ತತ್ತ್ವ. ಹಿಂದೆ ಕಲಾಯಿಗಾರರು ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವಾಗ ಉಜ್ಜುತ್ತಿದ್ದ ನವಸಾಗರವೇ ಅಮೋನಿಯಂ ಕ್ಲೋರೈಡು. ಅದನ್ನು ಶುದ್ಧರೂಪದಲ್ಲಿ ತಂದು 100 ಲೀಟರಿಗೆ ಸುಮಾರು 0.6 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಅಮೋನಿಯವಾಗುತ್ತದೆ. ಹಾಕಿದ ಅಷ್ಟು ಅಮೋನಿಯವು 24 ಗಂಟೆಗಳಲ್ಲಿ ಪೂರ್ಣ ಇಲ್ಲವಾಗಿ, ನೈಟ್ರೈಟ್ ಕೂಡ ಸೊನ್ನೆಗೆ ಇಳಿದರೆ ತೊಟ್ಟಿ ಸಿದ್ಧವಾದಂತೆ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಕಷ್ಟವಿರುವುದು ಈ "ಸಾಮಾನ್ಯವಾಗಿ" ಎಂಬ ಶಬ್ದದಲ್ಲಿಯೇ. ಆರು ವಾರ ಕಳೆದರೂ ಅಳತೆ ಕದಲದ ತೊಟ್ಟಿಗಳುಂಟು. ಅದುವರೆಗೆ ವ್ರತದಲ್ಲಿ ನಿಂತ ಮನಸ್ಸು ಸಡಿಲಗೊಳ್ಳುವುದು ಆಗಲೇ. ಬರಿಯ ನೀರನ್ನು ನೋಡಿ ನೋಡಿ ಮಗು ಬೇಸರಗೊಂಡಿರುತ್ತದೆ, ನೆರೆಯವರು ನಗೆಯಾಡುತ್ತಾರೆ, ಎರಡು ಮೀನು ಬಿಟ್ಟರೆ ಎಲ್ಲವೂ ಸರಿಹೋದೀತು ಎಂದು ಅಂಗಡಿಯವನ ಮಾತು ಮತ್ತೆ ಕಿವಿಯಲ್ಲಿ ಗುನುಗುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಪ್ರಮಾದವನ್ನು ಜೋಡಿಸಿರುವುದು ಅರ್ಥಪೂರ್ಣವಾಗಿದೆ. ಕ್ರೋಧದಿಂದ ಕೊಲ್ಲುವವರು ಕಡಿಮೆ. ಅವಸರ, ಅಲಕ್ಷ್ಯ, ಕಾರಣವನ್ನು ಹುಡುಕುವ ಬೇಸರ, ಇವುಗಳಿಂದ ಕೊಲ್ಲುವವರೇ ಹೆಚ್ಚು. ಆದುದರಿಂದ ನಿಧಾನವಾದ ತೊಟ್ಟಿಯ ಮುಂದೆ ಕುಳಿತು ಕಾರಣವನ್ನು ಶೋಧಿಸುವುದು ಕೇವಲ ಹವ್ಯಾಸದ ಮಾತಾಗಿ ಉಳಿಯುವುದಿಲ್ಲ. ಅಪ್ರಮಾದದ ಅಭ್ಯಾಸವೇ ಆಗುತ್ತದೆ.

ಈ ನಿಧಾನವು ಹೊಸತೇನೂ ಅಲ್ಲ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ವಿಜ್ಞಾನಿಗಳು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಕೊಳಚೆ ನೀರನ್ನು ಮೆಲ್ಲಗೆ ಇಳಿಸುತ್ತ ಕಾದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹಾಕಿದ ಅಮೋನಿಯ ಹಾಗೆಯೇ ಕೆಳಗೆ ಬರುತ್ತಿತ್ತು. ಆಮೇಲೆ ನೈಟ್ರೇಟ್ ಕಾಣಿಸಿತು, ಬರಬರುತ್ತ ಅಮೋನಿಯ ಇಲ್ಲವಾಯಿತು. ಕ್ಲೋರೋಫಾರಂ ಸೋಕಿಸಿದೊಡನೆ ಕ್ರಿಯೆ ನಿಂತಿತು. ತೋಟದ ಮಣ್ಣು ಕದಡಿದ ನೀರನ್ನು ಬೆರೆಸಿದ ಮೇಲೆ ಮತ್ತೆ ಮೊದಲಾಯಿತು. ಇದು ಜೀವಿಗಳ ಕಾರ್ಯವೆಂದು ಲೋಕಕ್ಕೆ ತಿಳಿದದ್ದು ಹೀಗೆ. ಅವರು ಹತ್ತೊಂಬತ್ತನೆಯ ದಿನ ಬೇಸತ್ತು ಕೊಳವೆಯನ್ನು ತೊಳೆದಿಟ್ಟಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಮುಂದೆ ವಿನೊಗ್ರಾಡ್ಸ್ಕಿ ಈ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಸಿಹಿನೀರಿನ ತೊಟ್ಟಿಗಳಲ್ಲಿ ನೈಟ್ರೈಟನ್ನು ಪರಿವರ್ತಿಸುವುದು ಬಹುಕಾಲ ನಂಬಿದ್ದ ನೈಟ್ರೋಬ್ಯಾಕ್ಟರ್ ಆಗಿರದೆ ನೈಟ್ರೋಸ್ಪೈರ ಕುಲದ ಜೀವಿಗಳೆಂಬುದು 1998ರಲ್ಲಿ ಪ್ರಕಟವಾಯಿತು. ಅದೇ ಕುಲದ ಕೆಲವು ಜೀವಿಗಳು ಎರಡು ಹಂತಗಳನ್ನೂ ತಾವೇ ಮುಗಿಸಬಲ್ಲವೆಂಬುದು ಗೊತ್ತಾದದ್ದು 2015ರಲ್ಲಿ. ಹಾಲು ಹುಳಿಯಾಗಿಸುವ ಜೀವಿಗಳು ಕೆಲವೇ ಗಂಟೆಗಳಲ್ಲಿ ಅನೇಕ ಪಟ್ಟು ಹೆಚ್ಚುತ್ತವೆ. ಇವು ಇಮ್ಮಡಿಯಾಗಲು ಒಳ್ಳೆಯ ಸ್ಥಿತಿಯಲ್ಲಿಯೂ ಅರ್ಧ ದಿನ, ಒಂದು ದಿನ ಬೇಕು. ಅವುಗಳ ಸ್ವಭಾವವೇ ಮಂದಗತಿ.

ದೇವಣಗಾಂವದ ಆ ಮನೆಗೆ ಮರಳೋಣ. ಮೂವತ್ತೈದು ದಿನವಾಗಿದೆ. ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಮಾತ್ರ ಪರೀಕ್ಷೆಯ ಕೊಳವೆಯಲ್ಲಿ ಗಾಢವಾದ ನೇರಳೆ ಬಣ್ಣ ತೋರಿಸುತ್ತಲೇ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಡಕು ಇದೇ. ಇದರ ಕಾರಣ ಬಹಳ ಸಲ ಮನುಷ್ಯನ ಆತುರವೇ ಆಗಿರುತ್ತದೆ. ಬೇಗ ಆಗಲೆಂದು ದಿನವೂ ಅಮೋನಿಯ ಹಾಕಿರುತ್ತಾರೆ. ಒಂದು ಮಿಲಿಗ್ರಾಂ ಅಮೋನಿಯದಿಂದ 2.7 ಮಿಲಿಗ್ರಾಂ ನೈಟ್ರೈಟ್ ಹುಟ್ಟುತ್ತದೆ. ಲೀಟರಿಗೆ 2 ಮಿಲಿಗ್ರಾಂನಂತೆ ಹತ್ತು ದಿನ ಹಾಕಿದರೆ 54 ಮಿಲಿಗ್ರಾಂ ಕೂಡಿತು. ಮನೆಯ ಪರೀಕ್ಷಾ ಸಾಮಗ್ರಿಯ ಬಣ್ಣದ ಪಟ್ಟಿ ಬಹುಮಟ್ಟಿಗೆ 5ರಲ್ಲಿಯೇ ಮುಗಿಯುತ್ತದೆ. 54 ಇದ್ದದ್ದು 20ಕ್ಕೆ ಇಳಿದರೂ ಬಣ್ಣ ಅದೇ. ನೋಡುವವನು ಏನೂ ಆಗುತ್ತಿಲ್ಲವೆಂದು ಕೊರಗುತ್ತಾನೆ, ಒಳಗೆ ಕೆಲಸ ನಡೆದಿರುತ್ತದೆ. ತೊಟ್ಟಿಯ ಒಂದು ಭಾಗ ನೀರಿಗೆ ಒಂಬತ್ತು ಭಾಗ ಶುದ್ಧನೀರು ಬೆರೆಸಿ ಪರೀಕ್ಷಿಸಿ, ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿದರೆ ನಿಜಸ್ಥಿತಿ ತಿಳಿಯುತ್ತದೆ. ಅರ್ಧದಷ್ಟು ನೀರನ್ನು ಬದಲಿಸಿ, ನೈಟ್ರೈಟ್ ಇಳಿಯುವವರೆಗೆ ಅಮೋನಿಯವನ್ನು ಎರಡು ಮೂರು ದಿನಕ್ಕೊಮ್ಮೆ, ಅದೂ ಅರ್ಧ ಅಳತೆಯಲ್ಲಿ ಹಾಕುವುದು ಇದಕ್ಕೆ ಚಿಕಿತ್ಸೆ. ಮೊದಲನೆಯ ಹಂತದಲ್ಲಿಯೂ ಅಮೋನಿಯ 5 ಮಿಲಿಗ್ರಾಂ ದಾಟಿದರೆ ಅದನ್ನು ಉಣ್ಣಬೇಕಾದ ಜೀವಿಗಳೇ ಅದರಿಂದ ಕುಗ್ಗುತ್ತವೆ.

ಎರಡನೆಯ ತೊಡಕು ಅತಿಶುದ್ಧಿಯ ಮೋಹ. ಬೋರಿನ ನೀರು ಗಡಸೆಂದು ಕೆಲವರು ಆರ್‌ಓ ಯಂತ್ರದ ನೀರನ್ನೇ ತೊಟ್ಟಿಗೆ ತುಂಬುತ್ತಾರೆ. ಅಮೋನಿಯ ಪರಿವರ್ತನೆಯಾಗುವಾಗ ಆಮ್ಲ ಹುಟ್ಟುತ್ತದೆ. ನೀರಿನ ಕ್ಷಾರಗುಣ ಅದನ್ನು ತಡೆದುಕೊಳ್ಳಬೇಕು. 2 ಮಿಲಿಗ್ರಾಂ ಅಮೋನಿಯದ ಒಂದೊಂದು ಅಳತೆಯೂ ಲೀಟರಿಗೆ ಸುಮಾರು 12 ಮಿಲಿಗ್ರಾಂನಷ್ಟು ಕ್ಷಾರಶಕ್ತಿಯನ್ನು ತಿಂದುಹಾಕುತ್ತದೆ. ಆರ್‌ಓ ನೀರಿನಲ್ಲಿ ಅದು ಒಂದೆರಡು ಅಳತೆಗೇ ಬರಿದಾಗುತ್ತದೆ. ಪಿಎಚ್ 6.5ಕ್ಕಿಂತ ಕೆಳಗಿಳಿದು ಕ್ರಿಯೆ ಮಂದವಾಗುತ್ತದೆ, 6ರ ಹೊತ್ತಿಗೆ ನಿಂತೇಹೋಗುತ್ತದೆ. 100 ಲೀಟರಿಗೆ 5 ಗ್ರಾಂ ಅಡುಗೆ ಸೋಡಾ ಹಾಕಿದರೆ ಸುಮಾರು 30 ಮಿಲಿಗ್ರಾಂನಷ್ಟು ಕ್ಷಾರಶಕ್ತಿ ಮರಳುತ್ತದೆ. ಆದರೆ ಊರಿನ ಗಡಸುನೀರನ್ನೇ ತುಂಬಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ಎರೆನಾಡಿನ ನೀರಿನ ಅವಗುಣವೆಂದು ದೂರುವುದೇ ಇಲ್ಲಿ ಗುಣವಾಗಿದೆ. ಅದರಲ್ಲಿ ಇನ್ನೊಂದು ಭ್ರಮೆಗೂ ಅವಕಾಶವಿದೆ, ಅದನ್ನು ಮಾತ್ರ ಮರೆಯಬಾರದು. ಹೊಲಗಳ ನಡುವಿನ ಕೆಲವು ಬಾವಿಗಳ ನೀರಿನಲ್ಲಿ ಮೊದಲೇ ನೈಟ್ರೇಟ್ ಇರುತ್ತದೆ. ತೊಟ್ಟಿಯಲ್ಲಿ ನೈಟ್ರೇಟ್ ಕಂಡಿತೆಂದು ಸಿದ್ಧವಾಯಿತೆಂದು ಹಿಗ್ಗಿ ಮೀನು ತಂದರೆ, ಆ ನೈಟ್ರೇಟ್ ಬಾವಿಯದೇ ಆಗಿರಬಹುದು. ತುಂಬುವ ನೀರನ್ನು ಮೊದಲೇ ಪರೀಕ್ಷಿಸಿ ಬರೆದಿಡುವುದು ಲೇಸು.

ಅತಿಶುದ್ಧಿಯ ಇನ್ನೊಂದು ರೂಪ ಫಿಲ್ಟರಿನ ಸ್ಪಂಜನ್ನು ನಳದ ಕೆಳಗೆ ಹಿಡಿದು ಹಿಂಡಿ ಹಿಂಡಿ ತೊಳೆಯುವುದು. ಈ ಸೂಕ್ಷ್ಮಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಸ್ಪಂಜು, ಹರಳು, ಗಾಜುಗಳ ಮೈಗೆ ಅಂಟಿಕೊಂಡೇ ಬಾಳುತ್ತವೆ. ಬ್ಲೀಚಿಂಗ್ ಪೌಡರ್ ಬೆರೆಸಿದ ನಳದ ನೀರು ಸೋಕಿದರೆ ಮೂರು ವಾರದ ಬೆಳೆಗೆ ಹಾನಿಯಾಗಬಹುದು. ತೊಟ್ಟಿಗೆ ತುಂಬುವ ನಳದ ನೀರನ್ನೂ ಅಗಲವಾದ ಪಾತ್ರೆಯಲ್ಲಿ ಒಂದು ದಿನವಿಟ್ಟು ಕ್ಲೋರಿನ್ ಹೋದ ಮೇಲೆ ಬಳಸಬೇಕು. ಸ್ಪಂಜನ್ನು ತೊಟ್ಟಿಯದೇ ನೀರಿನಲ್ಲಿ ಮೆಲ್ಲಗೆ ಅಲುಗಿಸಿ ತೊಳೆಯಬೇಕೆಂಬ ನಿಯಮ ಶ್ರಾವಕರ ಮನೆಯಲ್ಲಿ ಅಪರಿಚಿತವಾಗಬಾರದು. ಎರಡು ಪದರದ ಬಟ್ಟೆಯಲ್ಲಿ ನೀರು ಸೋಸಿ, ಬಟ್ಟೆಯ ಮೇಲೆ ಉಳಿದ ಜೀವಗಳನ್ನು ಆ ನೀರು ಬಂದ ಬಾವಿಗೇ ಮರಳಿ ಬಿಡುವುದನ್ನು ಅಜ್ಜಿಯರು ನಿತ್ಯ ಮಾಡುತ್ತಿದ್ದರು. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬಾಳಲಾರದು ಎಂಬ ತಿಳಿವಳಿಕೆ ಆ ಆಚರಣೆಯಲ್ಲಿತ್ತು. ನಳ ಬಂದಮೇಲೆ ಆಚರಣೆ ಹೋಯಿತು, ತಿಳಿವಳಿಕೆಯೂ ಜೊತೆಗೆ ಹೋದಂತಿದೆ.

ಉಳಿದವು ಸಣ್ಣವು. ಮಾಗಿಯ ರಾತ್ರಿಗಳಲ್ಲಿ ಈ ಭಾಗದ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಈ ಜೀವಿಗಳಿಗೆ 25ರಿಂದ 30 ಹಿತ. ಚಳಿಗಾಲದಲ್ಲಿ ಆರಂಭಿಸಿದವರು ಹೀಟರ್ ಇಡಬೇಕು, ಇಲ್ಲವೆ ಯುಗಾದಿಯವರೆಗೆ ತಾಳ್ಮೆ ಇಡಬೇಕು. ಕರೆಂಟು ಹೋಗಿ ಫಿಲ್ಟರು ಗಂಟೆಗಟ್ಟಲೆ ನಿಂತರೆ ಅವಕ್ಕೆ ಉಸಿರಿಲ್ಲ. ನವಸಾಗರ ಸಿಗದೆ ಹೊಲದ ಯೂರಿಯಾ ಹಾಕಿದವರಿಗೆ ಪರೀಕ್ಷೆಯಲ್ಲಿ ಮೊದಲು ಏನೂ ಕಾಣದು, ಏಕೆಂದರೆ ಯೂರಿಯಾ ಒಡೆದು ಅಮೋನಿಯವಾಗಲು ಬೇರೆ ಜೀವಿಗಳು ಬೇಕು. ಕಾಣಲಿಲ್ಲವೆಂದು ಮತ್ತೆ ಮತ್ತೆ ಸುರಿದರೆ ಒಮ್ಮೆಲೇ ಮಿತಿಮೀರುತ್ತದೆ. ಹೊಳೆ ಮನೆಬಾಗಿಲಲ್ಲಿರುವಾಗ ಭೀಮೆಯ ಒಂದು ಬೊಗಸೆ ಉಸುಕನ್ನು ತಂದು ಹಾಕಿದರೆ ಜೀವಿಗಳು ಬೇಗ ಬರುವುದಿಲ್ಲವೇ ಎಂದು ಕೇಳಬಹುದು. ಬಂದಾವು. ಆದರೆ ಆ ಉಸುಕಿನೊಡನೆ ಸಣ್ಣ ಶಂಖುಹುಳು, ಕೀಟಗಳ ಮರಿ ಮೊದಲಾದ ತ್ರಸಜೀವಗಳೂ ಬಂದು ಅಮೋನಿಯದ ನೀರಿನಲ್ಲಿ ಸಾಯುತ್ತವೆ. ಮೀನನ್ನು ಉಳಿಸಲು ಹೊರಟು ಇವುಗಳನ್ನು ಬಲಿಕೊಟ್ಟಂತೆ ಆದೀತು. ಹಳೆಯ ತೊಟ್ಟಿಯೊಂದರ ಫಿಲ್ಟರಿನಿಂದ ಒಂದು ತುಂಡು ಸ್ಪಂಜನ್ನು, ಒಣಗಲು ಬಿಡದೆ, ತಂದಿಡುವುದೇ ನಿರ್ದೋಷವೂ ಶೀಘ್ರವೂ ಆದ ಉಪಾಯ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗಲಾಗದು. ಈ ಸೂಕ್ಷ್ಮಜೀವಿಗಳೂ ಜೀವಗಳೇ ಅಲ್ಲವೇ? ಅವನ್ನು ಬೆಳೆಸಿ, ಒಂದು ದಿನ ತೊಟ್ಟಿಯನ್ನು ಒಣಗಿಸಿ ಕೊಲ್ಲುವುದೂ ಹಿಂಸೆಯಲ್ಲವೇ? ಹಿಂಸೆಯೇ. ಆದರೆ ಇಂದ್ರಿಯಗಳ ಸಂಖ್ಯೆಯನ್ನು ಅನುಸರಿಸಿ ಜೀವಗಳ ತಾರತಮ್ಯವನ್ನು ಗುರುತಿಸಿದ ದರ್ಶನವು ಗೃಹಸ್ಥನಿಗೆ ಒಂದು ವಿವೇಕವನ್ನು ಕೊಟ್ಟಿದೆ. ಇವನ್ನು ಏಕೇಂದ್ರಿಯಗಳೆಂದು ಎಣಿಸಿದರೆ, ಮೀನು ಪಂಚೇಂದ್ರಿಯ. ಎರಡರಲ್ಲೂ ದೋಷವಿದೆ ಎಂಬ ಮಾತನ್ನು ಮುಂದಿಟ್ಟು ದೊಡ್ಡ ದೋಷವನ್ನು ಮಾಡಿಬಿಡುವುದು ವಿವೇಕವಲ್ಲ, ವಾದಚಾತುರ್ಯ.

ಇನ್ನೂ ಕಠಿಣವಾದ ಆಕ್ಷೇಪ ಬೇರೆಯಿದೆ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಮೊದಲನೆಯದೇ ಬಂಧ. ತೊಟ್ಟಿಯು ಎಷ್ಟೇ ಸಿದ್ಧವಾಗಿದ್ದರೂ ಗಾಜಿನ ನಾಲ್ಕು ಗೋಡೆ ಗಾಜಿನ ನಾಲ್ಕು ಗೋಡೆಯೇ. ದನಕರುಗಳನ್ನು ಕಟ್ಟುವ ರೈತನಿಗೆ ಉದ್ಯೋಗದ ಸಮರ್ಥನೆಯಿದೆ; ನೋಡಿ ಸಂತೋಷಪಡಲೆಂದು ಮೀನು ತರುವವನಿಗೆ ಅದೂ ಇಲ್ಲ. ಫಿಶ್‌ಲೆಸ್ ಸೈಕಲ್ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಕೊಡುವಂತೆ ನಟಿಸಲೂಬಾರದು. ಮೀನನ್ನೇ ತರದವನು ತರುವವನಿಗಿಂತ ಮೇಲಿನ ಮೆಟ್ಟಿಲಲ್ಲಿದ್ದಾನೆ ಎಂಬುದನ್ನು ಒಪ್ಪಿಯೇ, ತರುವವನಿಗೆ ಏನು ಕರ್ತವ್ಯ ಎಂದು ವಿಚಾರಿಸಬೇಕಾಗುತ್ತದೆ. ಅಣುವ್ರತವಿರುವುದೇ ಪೂರ್ಣವ್ರತಕ್ಕೆ ಏರಲಾರದವರಿಗಾಗಿ.

ಅತಿಭಾರಾರೋಪಣವೆಂದರೆ ಎತ್ತಿನ ಮೇಲೆ ಅಳವಿಗೆ ಮೀರಿದ ಹೊರೆ ಹೇರುವುದು ಎಂದು ವ್ಯಾಖ್ಯಾನಿಸುವ ವಾಡಿಕೆ. ತೊಟ್ಟಿಯ ವಿಷಯದಲ್ಲಿಯೂ ಅದು ಸಲ್ಲುತ್ತದೆ. ದಿನಕ್ಕೆ ಇಂತಿಷ್ಟು ಅಮೋನಿಯವನ್ನು ಕರಗಿಸುವ ಶಕ್ತಿಯಷ್ಟೇ ಬೆಳೆದಿರುವಾಗ ಇಪ್ಪತ್ತು ಮೀನುಗಳನ್ನು ಒಂದೇ ಸಲ ಬಿಟ್ಟರೆ ಆರು ವಾರದ ಸಂಯಮ ಮೂರು ದಿನದಲ್ಲಿ ವ್ಯರ್ಥವಾಗುತ್ತದೆ. ಮೊದಲು ನಾಲ್ಕಾರು, ಎರಡು ವಾರದ ಬಳಿಕ ಮತ್ತೆ ಕೆಲವು. ಮನೆಗೆ ಬೇಡವಾದ ಮೀನನ್ನು ಹೊಳೆಗೆ ಬಿಟ್ಟು ಜೀವದಯೆ ಮಾಡಿದೆವೆಂದು ತಿಳಿಯುವವರೂ ಇದ್ದಾರೆ. ಪರದೇಶದ ಸಕ್ಕರ್ ಮೀನು ಹೀಗೆಯೇ ಭಾರತದ ಹಲವು ನದಿಗಳನ್ನು ಸೇರಿ ಅಲ್ಲಿನ ಮೀನುಗಳಿಗೆ ಕಂಟಕವಾಗಿದೆ.

ದೇವಣಗಾಂವದ ಮನೆಯಲ್ಲಿ ಮಗ ದಿನವೂ ಸಂಜೆ ಮೂರು ಅಂಕೆಗಳನ್ನು ವಹಿಯಲ್ಲಿ ಬರೆಯುತ್ತಿದ್ದನೆನ್ನೋಣ. ನಲವತ್ತಾರನೆಯ ದಿನ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ. ಮರುದಿನವೂ ಅದೇ. ಮುಕ್ಕಾಲು ಪಾಲು ನೀರನ್ನು ಹೊರತೆಗೆದು, ನೈಟ್ರೇಟ್ ತುಂಬಿದ ಆ ನೀರನ್ನು ಹಿತ್ತಲಿನ ಗಿಡಗಳಿಗೆ ಹಾಕಿ, ದಿನವೊಂದು ಇಟ್ಟ ಹೊಸ ನೀರನ್ನು ತುಂಬಿದ್ದಾಯಿತು. ಆಗ ಅಜ್ಜಿ ಕೇಳಬಹುದು: "ಇಷ್ಟ ದಿನ ಬರೇ ನೀರ ನೋಡಕೋತ ಕುಂತಿ. ಈಗ ಮೀನ ಬೇಕ ಅನಸ್ತದ ಏನಪಾ?" ಹುಡುಗ ಏನು ಹೇಳುತ್ತಾನೆಂದು ಊಹಿಸುವ ಅಗತ್ಯವಿಲ್ಲ. ಬೇಕೆಂದರೆ ತೊಟ್ಟಿ ಸಿದ್ಧವಿದೆ. ಬೇಡವೆಂದರೆ ಒಂದು ಸಣ್ಣ ಹೊಣೆ ಉಳಿಯುತ್ತದೆ: ಕರೆದು ನೆಲೆಗೊಳಿಸಿದ ಆ ಸೂಕ್ಷ್ಮಜೀವಿಗಳಿಗೆ ಅಮೋನಿಯ ನಿಲ್ಲಿಸುವುದೂ ಒಂದು ಬಗೆಯ ಅನ್ನಪಾನನಿರೋಧವೇ. ತೊಟ್ಟಿಯಲ್ಲಿ ನೀರುಗಿಡಗಳನ್ನು ನೆಟ್ಟು ಫಿಲ್ಟರನ್ನು ನಡೆಸುತ್ತಿದ್ದರೆ ಉದುರಿ ಕೊಳೆಯುವ ಎಲೆಗಳಿಂದಲೇ ಅವುಗಳಲ್ಲಿ ಕೆಲವಕ್ಕೆ ಆಹಾರ ದೊರೆಯುತ್ತದೆ. ಅದಕ್ಕೂ ಮನಸ್ಸಿಲ್ಲದಿದ್ದರೆ, ಸಿಂದಗಿಯಲ್ಲೋ ಇಂಡಿಯಲ್ಲೋ ಹೊಸ ತೊಟ್ಟಿಗೆ ನೀರು ತುಂಬಿ, ಅಗ್ಗದ ಮೀನಿನ ಸಲಹೆ ಕೇಳಿಕೊಂಡು ಬಂದ ಇನ್ನೊಂದು ಮನೆಯಿರುತ್ತದೆ. ಒದ್ದೆಯ ಸ್ಪಂಜನ್ನು ತೊಟ್ಟಿಯದೇ ನೀರಿನೊಡನೆ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿದರೆ, ಅಲ್ಲಿ ಆರು ವಾರದ ಕಾಯುವಿಕೆ ಹತ್ತು ಹದಿನೈದು ದಿನಕ್ಕೆ ಇಳಿಯಬಹುದು.